ತೊಂಬತ್ತೆಂಟು ಸರಿ, ಯಾರ ಟೇಪಿನಲ್ಲಿ?

ನರ್ಸಮ್ಮನ ಕೋಟಿನ ತೋಳು ಮತ್ತೆ ಗಿಡ್ಡ!

ನಮ್ಮದು ಹೊಲಿಗೆ ಅಂಗಡಿ. ಅಳತೆ ತೆಗೆಯುವುದು ನಮ್ಮ ಯಜಮಾನರು, ಬಟ್ಟೆ ಕತ್ತರಿಸುವುದು ನಾನು. ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ಮಾಡಿದ್ದೆವು. ಆದರೂ ನರ್ಸಮ್ಮನ ಮಣಿಕಟ್ಟು ಕೋಟಿನಿಂದಾಚೆ ಇಣುಕುತ್ತಿತ್ತು.

“ಇಡೀ ಆಸ್ಪತ್ರೆಯ ಯೂನಿಫಾರ್ಮ್ ನಿಮಗೇ ಕೊಡಿಸೋಣ ಅಂತಿದ್ದೆ. ಇನ್ನೊಂದ್ಸಲ ಹೀಗಾದ್ರೆ ಅಲ್ಲಿ ನನ್ನ ಮಾತು ಯಾರೂ ಕೇಳಲ್ಲ ನೋಡಿ,” ಎಂದು ಆಕೆ ಹೊರಟರು.

“ಅದಕ್ಕೇ ಕಣೇ, ಎಐ ಏಜೆಂಟ್ ತರೋಣ ಅನ್ನೋದು,” ಎಂದರು ಯಜಮಾನರು. “ಬರೀ ಮಾತಾಡಲ್ಲ, ಕೆಲಸಾನೂ ಮಾಡುತ್ತೆ. ಫೋನಲ್ಲೇ ಆರ್ಡರ್ ತಗೊಂಡು, ನಮ್ಮ ಪುಸ್ತಕದ ಅಳತೆ ನೋಡಿ, ಕತ್ತರಿಸೋಕೆ ನಿನಗೆ ಚೀಟಿ ಕಳಿಸುತ್ತೆ. ಒಂದು ಕಂಪನಿಯದಕ್ಕೆ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟು, ಇನ್ನೊಂದಕ್ಕೆ ಎಂಬತ್ತೊಂಬತ್ತು. ಯೋಚನೆ ಮಾಡೋದೇನಿದೆ?”

ಅಷ್ಟರಲ್ಲಿ ನನ್ನ ನಾದಿನಿ ಬಂದಳು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಹಾಕುವುದು ಅವಳ ಕೆಲಸ. ಎಲ್ಲವನ್ನೂ ಕೇಳಿಸಿಕೊಂಡು, “ಅಣ್ಣ, ನಿನ್ನ ಟೇಪ್ ಕೊಡು. ಅತ್ತಿಗೆ, ನಿಮ್ಮದೂ ಕೊಡಿ,” ಎಂದಳು.

ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಹಾಸಿದಳು. ನನ್ನದು ಹೊಸದು. ಯಜಮಾನರದು ಮಾವನವರ ಕಾಲದ್ದು, ಎಳೆದೂ ಎಳೆದೂ ಹಿಗ್ಗಿದೆ. ಅದರ ಇಪ್ಪತ್ತಮೂರು ಇಂಚು ನನ್ನದರಲ್ಲಿ ಹೆಚ್ಚುಕಡಿಮೆ ಇಪ್ಪತ್ತನಾಲ್ಕು!

“ಅಯ್ಯೋ! ಇವರು ಅಳೆದಿದ್ದೂ ಸರಿ, ನಾನು ಕತ್ತರಿಸಿದ್ದೂ ಸರಿ, ತೋಳು ಮಾತ್ರ ಗಿಡ್ಡ!” ಎಂದು ನಾನು ನಕ್ಕುಬಿಟ್ಟೆ. ಯಜಮಾನರು ನಗಲಿಲ್ಲ.

“ನಿನ್ನ ತೊಂಬತ್ತೆಂಟು ಯಾರ ಟೇಪಿಂದು ಅಣ್ಣ?”

“ಕಂಪನಿಯವರೇ ಪರೀಕ್ಷೆ ಮಾಡಿದ್ದಾರಮ್ಮ.”

“ಇನ್ನೊಂದು?”

“ಅವರದ್ದು ಅವರೇ.”

“ಹೆತ್ತವರಿಗೆ ಹೆಗ್ಗಣ ಮುದ್ದು! ಬೇರೆ ಬೇರೆ ಪ್ರಶ್ನೆಪತ್ರಿಕೆ ಬರೆದವರ ಮಾರ್ಕ್ಸ್ ಹೋಲಿಸೋದು ಹೇಗೆ?”

ಯಜಮಾನರಿಗೆ ಮೂಗಿನ ತುದೀಲೇ ಕೋಪ. “ಅಷ್ಟು ದೊಡ್ಡ ಕಂಪನಿಯವರು ಸುಳ್ಳು ಹೇಳ್ತಾರಾ?”

“ನೀನು ನರ್ಸಮ್ಮನಿಗೆ ಸುಳ್ಳು ಹೇಳಿದ್ಯಾ? ಟೇಪ್ ಬೇರೆ, ಅಷ್ಟೇ.”

ನನಗೆ ಕುತೂಹಲ ತಡೆಯಲಾಗಲಿಲ್ಲ. “ಹಾಗಾದ್ರೆ ಎರಡಕ್ಕೂ ಒಂದೇ ಟೇಪ್ ಹಿಡಿದು ನೋಡೋಣ್ವಾ?”

ಎರಡನ್ನೂ ಪರೀಕ್ಷೆಗೆಂದು ತರಿಸಿದೆವು. ನಮ್ಮ ಗಿರಾಕಿಗಳು ನಿಜವಾಗಿ ಕೇಳುವ ಮಾತುಗಳನ್ನೇ ಆರಿಸಿಕೊಂಡು, ಯಾವುದು ಸರಿ ಉತ್ತರ ಎಂದು ಮೊದಲೇ ತೀರ್ಮಾನಿಸಿದೆವು. ಸುಲಭದ ಆರ್ಡರ್‌ಗಳನ್ನು ಎರಡೂ ಸಲೀಸಾಗಿ ಮಾಡಿದವು. ಆಮೇಲೆ ನಾನೇ ಗಿರಾಕಿಯಂತೆ ಕೇಳಿದೆ: “ಹೋದ್ಸಲದ ಅಳತೆಗೇ ಹೊಲೀರಿ. ಆದ್ರೆ ಈಗ ಸ್ವಲ್ಪ ದಪ್ಪ ಆಗಿದ್ದೀನಿ.”

ತೊಂಬತ್ತೆಂಟರದು “ಆಗಲಿ” ಎಂದು ಚೀಟಿ ಕಳಿಸಿಯೇ ಬಿಟ್ಟಿತು. ಮತ್ತೆ ಅದನ್ನೇ ಕೇಳಿದರೆ ಇನ್ನೊಂದು ಅಳತೆ! ಎಂಬತ್ತೊಂಬತ್ತರದು ಪ್ರತಿ ಸಲವೂ, “ಎಷ್ಟು ಬದಲಾಗಿದೆ ಅಂತ ನನಗೆ ಗೊತ್ತಿಲ್ಲ. ಅಂಗಡಿಗೆ ಬಂದು ಅಳತೆ ಕೊಡಿ, ಅಲ್ಲಿವರೆಗೆ ಚೀಟಿ ಕಳಿಸಲ್ಲ,” ಎಂದಿತು.

“ಕತ್ತರಿಸಿದ ಬಟ್ಟೆ ಮತ್ತೆ ಕೂಡಲ್ಲ,” ಎಂದರು ಯಜಮಾನರು ಮೆಲ್ಲಗೆ. “ಈ ಎಂಬತ್ತೊಂಬತ್ತರದೇ ಇರಲಿ ಕಣೇ.”

“ಇಲ್ಲಿ ಹೋದ್ರೆ ಬಟ್ಟೆ ಹೋಗುತ್ತೆ ಅಣ್ಣ,” ಎಂದಳು ನಾದಿನಿ. “ಇಂಥ ಏಜೆಂಟ್ ನಾಳೆ ಆಸ್ಪತ್ರೇಲಿ ಔಷಧಿ ಬರೆಯೋಕೆ ಬಂದ್ರೆ? ಕಿಲೋ ಅಂದ್ರೆ ಎಲ್ಲ ಅಂಗಡೀಲೂ ಒಂದೇ ಅಲ್ವಾ? ಹಾಗೇ ಒಂದೇ ಕೆಲಸದ ಏಜೆಂಟ್‌ಗಳಿಗೆ ಎಲ್ಲ ಕಡೆ ಒಂದೇ ಪರೀಕ್ಷೆ ಬೇಕು. ಮಾಡೋರು ಮಾರೋರಾಗಿರಬಾರದು.”

ಯಜಮಾನರು ಮಾವನವರ ಟೇಪನ್ನು ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದರು. ನರ್ಸಮ್ಮನನ್ನು ಕರೆಸಿ, ನನ್ನ ಟೇಪಿನಲ್ಲೇ ಅಳೆದರು. ಈ ಸಲ ತೋಳು ಮಣಿಕಟ್ಟು ಮುಟ್ಟಿತು. ಆಕೆ ಕೈ ಎತ್ತಿ, ಇಳಿಸಿ, ಕನ್ನಡಿಯಲ್ಲಿ ನೋಡಿಕೊಂಡು, “ನಾಳೆ ಎಲ್ಲರನ್ನೂ ಕರ್ಕೊಂಡು ಬರ್ತೀನಿ,” ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾಗಿಲಿಗೂ ಯಾರೋ ಎಐ ಏಜೆಂಟನ್ನು ಮಾರಲು ಬರುತ್ತಾರೆ, ಅಂಕ ತೋರಿಸುತ್ತಾರೆ. ಪರೀಕ್ಷೆ ಮಾಡಿದವರು ಯಾರು, ಬೇರೆಯವೂ ಅದೇ ಪರೀಕ್ಷೆ ಬರೆದಿವೆಯೇ, ಗೊತ್ತಿಲ್ಲದಾಗ ಅದು ಏನು ಮಾಡುತ್ತದೆ ಎಂದು ಕೇಳಿ. ನಾಚಿಕೊಳ್ಳಬೇಡಿ. ಕತ್ತರಿ ಅದರ ಕೈಗೆ ಕೊಡುವ ಮೊದಲು ಟೇಪು ನೋಡಿ.