ರೇಣುಕಾಳ ಚಳಿ

ಮಾತು ಬಾಯಿಂದ ಹೊರಬಿದ್ದ ಮೇಲೆ ಅನುಸೂಯಳಿಗೆ ತಾನು ಆಡಬಾರದ್ದನ್ನು ಆಡಿದೆನೆಂದು ತಿಳಿಯಿತು.

ಹೊಸದುರ್ಗದ ಆಚೆ, ತೆಂಗಿನ ತೋಟದ ಮನೆಯೊಂದರ ಪಡಸಾಲೆಯಲ್ಲಿ ಅವಳು ಕೂತಿದ್ದಳು. ಆ ಸುತ್ತಿನ ಹಳ್ಳಿಗಳಲ್ಲಿ ಹಬ್ಬಿದ್ದ ಮೆದುಳು ಜ್ವರದ ಮೇಲೆ ಅವಳು ಬರೆದ ಸಂಶೋಧನಾ ಲೇಖನ ಆಗಷ್ಟೇ ವಿದೇಶಿ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಪರೀಕ್ಷೆಗೆ ರಕ್ತ ಕೊಟ್ಟವರ ಮನೆಗೆ ಹೋಗಿ, ಅದರಿಂದ ತಿಳಿದದ್ದನ್ನು ಅವರಿಗೂ ಹೇಳಿ ಬರುವುದು ಅವಳು ತಾನಾಗಿಯೇ ಹಾಕಿಕೊಂಡ ಕಟ್ಟಳೆ. ಈ ಮನೆಯ ಮಗಳು ರೇಣುಕಾ ಅದೇ ಜ್ವರದಲ್ಲಿ ತೀರಿಕೊಂಡಿದ್ದಳು.

ತಂದೆ ಮುರುಗಪ್ಪ ಎಳನೀರು ಕೆತ್ತಿ ಕೈಗಿಟ್ಟ. "ರಸ್ತೆ ಕೇಳಿದ್ರೆ ನಮ್ಮೂರು ಎಲ್ಲೈತೆ ಅಂತಿದ್ರು. ಜ್ವರದಿಂದಾದ್ರೂ ಹೆಸರು ಫಾರಿನ್ ಪುಸ್ತಕದಾಗೆ ಬಂತು ಬಿಡ್ರಿ ಡಾಕ್ಟ್ರೇ," ಎಂದು ನಕ್ಕ.

ಆ ನಗುವಿನಿಂದ ಸಲಿಗೆ ಸಿಕ್ಕಂತಾಗಿ ಅವಳು ವಿವರಿಸುತ್ತಾ ಹೋದಳು. ಬೇರೆ ಯಾರ ರಕ್ತದಿಂದಲೂ ವೈರಸ್ ಬೆಳೆಸಲು ಆಗಿರಲಿಲ್ಲ. ರೇಣುಕಾಳ ರಕ್ತದಿಂದ ಮಾತ್ರ ಬೆಳೆಯಿತು. ಲೇಖನ ನಿಂತಿರುವುದೇ ಅದರ ಮೇಲೆ. ಆ ವೈರಸ್ ಚಿತ್ರದುರ್ಗದ ಲ್ಯಾಬಿನ ಫ್ರೀಜರಿನಲ್ಲಿ ಇನ್ನೂ ಜೀವಂತವಾಗಿದೆ, ಪಕ್ಕದ ಶೀಶೆಯಲ್ಲಿ ಅವಳ ರಕ್ತವೂ ಒಂದಿಷ್ಟು ಉಳಿದಿದೆ. ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳಿದಳು.

ಬಾಗಿಲ ಬಳಿ ಕೂತಿದ್ದ ತಾಯಿ ಮರುಳಸಿದ್ದಮ್ಮ ಆಗ ಮುಖ ಎತ್ತಿದಳು.

"ಅವಳನ್ನ ಕೊಂದಿದ್ದು ಬದುಕೈತೆ ಅಂತೀರಿ. ಅದರ ಜತೆಗೇ ಅವಳನ್ನೂ ಕೂಡಿ ಹಾಕೀರಾ?"

ಅನುಸೂಯ ಎಳನೀರನ್ನು ಪಕ್ಕಕ್ಕಿಟ್ಟಳು.

ಆ ತಾಯಿ ಕೇಳಿದ್ದು ಒಂದೇ. ಮಗಳಿಗೆ ವಿಭೂತಿ ಹಚ್ಚಿ, ಗುಣಿಯೊಳಗೆ ಕೂರಿಸಿ, ಪತ್ರೆ ಸುರಿದು, ಇಡಿಯಾಗಿ ಮಣ್ಣಿಗೆ ಒಪ್ಪಿಸಿದೆವೆಂದುಕೊಂಡಿದ್ದರು. ಹೊರಗುಳಿದದ್ದನ್ನು ತಂದುಕೊಡಬೇಕು, ಅಷ್ಟೇ. ಹೊರಡುವಾಗ ಅಂಗಳದವರೆಗೂ ಬಂದು ಮೆಲ್ಲಗೆ ಸೇರಿಸಿದಳು: "ಅವಳಿಗೆ ಚಳಿ ತಡಿಯಾಕೆ ಆಗ್ತಿರಲಿಲ್ಲ ಕಣವ್ವ. ಯುಗಾದಿ ಬಿಸಿಲಾಗೂ ಹೊದ್ಕಂಡು ಮಲಗೋಳು."

ಲ್ಯಾಬಿನ ಹಿರಿಯ ವಿಜ್ಞಾನಿ ನಿರಂಜನ್‌ಗೆ ಇದು ದೊಡ್ಡ ವಿಷಯವೆನಿಸಲಿಲ್ಲ. ಉಳಿದ ರಕ್ತ ಮುಂದಿನ ಲೇಖನಕ್ಕೆ ಬೇಕು, ಅದಿಲ್ಲದೆ ಕೆಲಸ ನಿಂತೇ ಹೋಗುತ್ತದೆ ಎಂದ. "ಸುಟ್ಟು ಹಾಕಿದೀವಿ ಅಂತ ಒಂದು ಫೋನ್ ಮಾಡಿ ಮುಗಿಸಿ. ಅವರೇನು ಬಂದು ನೋಡ್ತಾರಾ?"

ಯಾರೂ ಬಂದು ನೋಡುವುದಿಲ್ಲ. ಅನುಸೂಯಳನ್ನು ಕಾಡಿದ್ದು ಅದೇ. ಫ್ರೀಜರಿನ ಬಾಗಿಲು ತೆರೆದಾಗ ಹೊರಗೆ ಉರುಳುವ ಬಿಳಿ ಹೊಗೆ ಅವಳಿಗೆ ಹೊಸದಲ್ಲ. ಈಗ ಅದು ಮುಂಗೈ ಸುತ್ತ ನಿಲ್ಲುತ್ತಿತ್ತು, ಯಾರೋ ಹಿಡಿದುಕೊಂಡ ಹಾಗೆ. ಬಾಗಿಲನ್ನು ಅವಳು ಸದ್ದಾಗದಂತೆ ಮುಚ್ಚತೊಡಗಿದಳು. ಆ ಕೋಣೆಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಸುಮ್ಮನಿರುವಂತೆ ಸನ್ನೆ ಮಾಡುತ್ತಿದ್ದಳು.

ಕೊಟ್ಟ ರಕ್ತವನ್ನು ಮನೆಯವರು ಹಿಂದಕ್ಕೆ ಕೇಳಬಹುದೆಂಬ ನಿಯಮವಿತ್ತು. ಒಂದು ಬೆಳಿಗ್ಗೆ ಅವಳು ಆ ಶೀಶೆಯನ್ನು ತೆಗೆದು, ಒಳಗಿನ ವೈರಸ್ ಸಾಯುವಷ್ಟು ಹೊತ್ತು ಹಬೆಯಲ್ಲಿ ಬೇಯಿಸಿದಳು. ರಕ್ತದ ತಿಳಿ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಯಿತು. ನಿರಂಜನ್ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಹೊರಟುಹೋದ.

ಹೊಸದುರ್ಗದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಶೀಶೆಯನ್ನು ಅವಳು ಮುಷ್ಟಿಯಲ್ಲೇ ಹಿಡಿದಿದ್ದಳು.

ತೋಟದ ಮೂಲೆಯ ಸಮಾಧಿಯ ಬಳಿ ಮರುಳಸಿದ್ದಮ್ಮ ಶೀಶೆಯನ್ನು ಕೆನ್ನೆಗೆ ಒತ್ತಿಕೊಂಡಳು. "ಬೆಚ್ಚಗೈತೆ," ಎಂದಳು. ಬೆರಳಿನಿಂದಲೇ ಮಣ್ಣು ಕೆದಕಿದಳು. ಮುರುಗಪ್ಪ ಅಂದು ತಮಾಷೆಯ ಮಾತಾಡಲಿಲ್ಲ.

"ಅವಳನ್ನ ಕೊಂದಿದ್ದು?" ಎಂದು ಕೇಳಿದಳು ತಾಯಿ.

"ಇದರೊಳಗಿದ್ದದ್ದು ಸತ್ತಿದೆ ಅಮ್ಮಾ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಮರುಳಸಿದ್ದಮ್ಮ ಅನುಸೂಯಳ ಮುಖವನ್ನೇ ನೋಡುತ್ತಿದ್ದಳು.

"ನಾವು ಬೆಳೆಸಿದ್ದು ಬೇರೆ ಶೀಶೆಯಲ್ಲಿದೆ. ಅದನ್ನ ಸಾಯಿಸಿಲ್ಲ. ಔಷಧಿ ಹುಡುಕೋಕೆ ಅದು ಬೇಕು."

ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿ, ಮರುಳಸಿದ್ದಮ್ಮ ಅಂದಳು: "ಹಂಗಾದ್ರೆ ಕಾಯ್ಕಂಡಿರ್ರಿ. ಹೊರಗೆ ಬಿಡಬ್ಯಾಡ್ರಿ."

ಮರುದಿನ ಅನುಸೂಯ ಫ್ರೀಜರ್ ತೆರೆದಳು. ರೇಣುಕಾಳ ರಕ್ತದ ಶೀಶೆಯಿದ್ದ ಗುಳಿ ಖಾಲಿ. ಪಕ್ಕದ್ದರಲ್ಲಿ ಆ ವೈರಸ್, ಹಿಮದ ಕೆಳಗೆ, ಇದ್ದಂತೆಯೇ ಇತ್ತು. ಬಿಳಿ ಹೊಗೆ ಮುಂಗೈಯನ್ನು ಸವರಿ ನೆಲಕ್ಕೆ ಇಳಿದುಹೋಯಿತು, ಯಾರೂ ಹಿಡಿಯಲಿಲ್ಲ. ಆದರೂ ಅವಳು ಕೈ ಹಿಂದೆ ತೆಗೆಯಲಿಲ್ಲ, ಬೆರಳು ಮರಗಟ್ಟುವವರೆಗೂ.