ಅನುಮತಿ ಇದೆ

ಶವಪೆಟ್ಟಿಗೆಯ ಮುಂದಿನ ಎಡಮೂಲೆ ಹೊತ್ತಿದ್ದ ಕ್ಷೌರಿಕ ಗೇಟಿನ ಎದುರು ಗಕ್ಕನೆ ನಿಂತ. ಹಿಂದಿನ ಇಬ್ಬರಿಗೆ ಅದು ತಿಳಿಯದೆ ಇನ್ನೆರಡು ಹೆಜ್ಜೆ ಇಟ್ಟರು. ಪೆಟ್ಟಿಗೆ ಬಂದು ಅವನ ಕುತ್ತಿಗೆಗೆ ಬಡಿಯಿತು. ಒಳಗಿರುವವರಿಗೇ ಇಲ್ಲದ ಆತುರ ನಿಮಗ್ಯಾಕೆ ಎಂದು ಅವನು ಗೊಣಗಿದ.

ಗೇಟು ಮುಚ್ಚಿದ್ದರೆ ಯಾರೂ ನಿಲ್ಲುತ್ತಿರಲಿಲ್ಲ, ತಳ್ಳಿಕೊಂಡು ಹೋಗುತ್ತಿದ್ದರು. ಅದು ಹಾರುಹೊಡೆದಿತ್ತು. ‘ಪ್ರವೇಶವಿಲ್ಲ’ ಎಂಬ ತುಕ್ಕು ತಗಡು ಇದ್ದ ಜಾಗದಲ್ಲಿ ಹೊಸ ಹಲಗೆ, ಬಣ್ಣ ಇನ್ನೂ ಹಸಿ: ‘ಅಂತಿಮಯಾತ್ರೆಗೆ ಈ ದಾರಿಯಲ್ಲಿ ಹೋಗಲು ಅನುಮತಿ ಇದೆ.’ ಕೆಳಗೆ ಹೊಲದ ಧಣಿಯ ರುಜು. ಪಕ್ಕದಲ್ಲಿ ಖುದ್ದು ಧಣಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು.

ಮೆರವಣಿಗೆಯ ಬಾಲದಿಂದ ಮೀನು ಹಿಡಿಯುವವರ ಸಂಘದ ವಕೀಲರು ಓಡಿಬಂದರು. ಹಲಗೆಯನ್ನು ಎರಡು ಸಲ ಓದಿದರು. ಆಮೇಲೆ ತೀರಿಕೊಂಡವರ ಮಗಳ ಕಿವಿಯಲ್ಲಿ, ಒಂದು ಹೆಜ್ಜೆಯೂ ಒಳಗಿಡಬೇಡಮ್ಮ ಎಂದರು.

ನದಿಯ ನೀರು ಎಲ್ಲರದು. ಮೀನು ಯಾರು ಬೇಕಾದರೂ ಹಿಡಿಯಬಹುದು. ಆದರೆ ರಸ್ತೆಯಿಂದ ನೀರಿನವರೆಗಿನ ನೆಲವೆಲ್ಲ ಧಣಿಯದು. ಮೀನಿಗೂ ರೆಕ್ಕೆಯಿಲ್ಲ, ಹಿಡಿಯುವವರಿಗೂ ಇಲ್ಲ. ಆದ್ದರಿಂದ ಸಂಘ ಈ ಹೊಲದೊಳಗಿನ ಕಾಲುದಾರಿ ಎಲ್ಲರಿಗೂ ಬೇಕು ಎಂದು ಕೋರ್ಟಿಗೆ ಹೋಗಿತ್ತು. ಯಾರಾದರೂ ಇಪ್ಪತ್ತು ವರ್ಷ ಬಿಡದೆ, ಎಲ್ಲರಿಗೂ ಕಾಣುವಂತೆ, ಯಾರನ್ನೂ ಕೇಳದೆ ನಡೆದಿದ್ದರೆ ದಾರಿ ಸಾರ್ವಜನಿಕ ಎಂಬುದು ವಕೀಲರ ವಾದ. ಹಾಗೆ ನಡೆದ ಒಬ್ಬರೇ ಒಬ್ಬರು ಈಗ ಪೆಟ್ಟಿಗೆಯಲ್ಲಿದ್ದವರು, ವಾಚು ರಿಪೇರಿಯ ಟಿಕ್ಕಪ್ಪ. ಇಪ್ಪತ್ತು ವರ್ಷ ತುಂಬಲು ಇನ್ನೊಂಬತ್ತು ದಿನ ಬಾಕಿಯಿತ್ತು. ಊರಿನ ಗಡಿಯಾರಗಳನ್ನೆಲ್ಲ ಸರಿಮಾಡಿದವರು ತಾವೇ ಒಂಬತ್ತು ದಿನ ಮುಂದೆ ಓಡಿಬಿಟ್ಟಿದ್ದರು.

ಉಳಿದ ದಿನಗಳಲ್ಲಿ ಅವರ ಬದಲು ನಡೆಯಲು ಸಂಘದವರು ಸರದಿ ಹಾಕಿಕೊಂಡಿದ್ದರು. ಇವತ್ತಿನ ಸರದಿ ಟಿಕ್ಕಪ್ಪನವರದೇ ಎಂದು ಕ್ಷೌರಿಕ ಹಟ ಹಿಡಿದಿದ್ದ. ಸ್ಮಶಾನ ಹೊಲದಾಚೆ ನದಿದಂಡೆಯಲ್ಲೇ ಇತ್ತು. ಅಲ್ಲಿಗೆ ಹೋಗುವ ರಸ್ತೆಯ ಸೇತುವೆಯನ್ನು ದುರಸ್ತಿಗೆಂದು ಒಡೆದು ತಿಂಗಳಾಗಿತ್ತು. ಎಲ್ಲ ಸರಿಹೊಂದಿತ್ತು, ಈ ಹಲಗೆಯೊಂದನ್ನು ಬಿಟ್ಟು.

“ಒಳಗೆ ಹೋದ್ರೆ ಧಣಿ ಅನುಮತಿಯಿಂದ ಹೋದ ಹಾಗೆ” ಎಂದರು ವಕೀಲರು. “ಇಷ್ಟು ವರ್ಷದ್ದೂ ಅವರ ದಯೆ ಅಂತಾಗುತ್ತೆ. ವಾಪಸ್ ಹೋದ್ರೆ ದಾರಿ ನಮ್ಮದಲ್ಲ ಅಂತ ನಾವೇ ಒಪ್ಪಿದ ಹಾಗೆ.”

“ಹಾಗಾದ್ರೆ ಏನ್ ಮಾಡೋಣ ಸಾರ್?” ಮಗಳು ಕೇಳಿದಳು.

“ಅದನ್ನೇ ಯೋಚಿಸ್ತಿದ್ದೀನಿ.”

“ಬೇಗ ಯೋಚಿಸಿ. ನನ್ನ ಭುಜಕ್ಕೆ ಕಾನೂನು ಗೊತ್ತಿಲ್ಲ” ಎಂದ ಕ್ಷೌರಿಕ.

*

ದಿನಾ ಬೆಳಗಿನ ಆರು ಗಂಟೆಗೆ ಟಿಕ್ಕಪ್ಪ ಗಾಳದ ಕೋಲು ಹೆಗಲಿಗೇರಿಸಿ ಆ ಗೇಟು ದಾಟುತ್ತಿದ್ದರು. ಧಣಿ ಜಗಲಿಯಿಂದ ಕೂಗುತ್ತಿದ್ದರು: “ಯಾರದು? ನಡಿ, ನಡಿ!” ಟಿಕ್ಕಪ್ಪ ತಿರುಗಿಯೂ ನೋಡದೆ, “ನಡೀತಾನೇ ಇದ್ದೀನಿ ಸ್ವಾಮಿ” ಎಂದು ನದಿಯ ಕಡೆ ನಡೆಯುತ್ತಿದ್ದರು.

ಕ್ಷೌರಿಕ ತನ್ನ ಅಂಗಡಿಯಲ್ಲಿ ಇಬ್ಬರ ದನಿಯನ್ನೂ ಮಾಡಿ ತೋರಿಸುತ್ತಿದ್ದ. ಧಣಿಗೆ ಮಡಕೆಯೊಳಗಿಂದ ಬಂದಂಥ ದನಿ, ಟಿಕ್ಕಪ್ಪನವರಿಗೆ ಎಣ್ಣೆ ಕಾಣದ ಬಾಗಿಲಿನದು. ಮುಖಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದ ಟಿಕ್ಕಪ್ಪನವರೇ ಒಮ್ಮೆ ಅದನ್ನು ಕೇಳಿ ನಕ್ಕು, ಗಲ್ಲ ಕುಯ್ಯಿಸಿಕೊಂಡಿದ್ದರು.

ಅವರಿಗೆ ಮೀನು ಸಿಗುತ್ತಿದ್ದದ್ದು ಅಪರೂಪ. ಹೆಂಡತಿ ಬದುಕಿದ್ದಷ್ಟು ಕಾಲ ಮನೆಗೆ ಮೀನು ಮಾರುಕಟ್ಟೆಯಿಂದಲೇ ಬರುತ್ತಿತ್ತು. ಜ್ವರ ಬಂದ ದಿನ ಆಕೆ ಚಪ್ಪಲಿ ಬಚ್ಚಿಟ್ಟರೆ ಮಗಳ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರು. ಬಸ್ ಕಂಡಕ್ಟರ್ ಆಗಿದ್ದ ಮಗಳು ಅವತ್ತು ಬರಿಗಾಲಲ್ಲಿ ಡ್ಯೂಟಿಗೆ ಹೋಗಿ ಬೈಸಿಕೊಂಡಿದ್ದಳು. ಒಂದು ಮೀನಿಗೆ ಇಷ್ಟೆಲ್ಲಾ ಯಾಕಪ್ಪ ಎಂದು ಸಂಜೆ ಕೇಳಿದ್ದಳು. “ಮೀನಿಗೆ ಯಾರು ಹೋಗ್ತಾರೆ?” ಎಂದಿದ್ದರು.

*

ಮಗಳು ನೇರ ಧಣಿಯ ಹತ್ತಿರ ಹೋದಳು.

“ಈ ಹಲಗೆ ಮರ್ಯಾದೆಗೆ ಹಾಕಿಸಿದ್ದಾ, ಕೇಸಿಗೆ ಹಾಕಿಸಿದ್ದಾ?”

ಧಣಿ ಹಲಗೆಯನ್ನು ಇನ್ಯಾರೋ ಬರೆಸಿದ್ದೆಂಬಂತೆ ನೋಡಿದರು. “ಬೆಳಿಗ್ಗೆ ಬರೆಸುವಾಗ ಮರ್ಯಾದೆ ಅಂತಲೇ ಬರೆಸಿದೆ ಕಣಮ್ಮ. ನಿಮ್ಮ ವಕೀಲರ ಮುಖ ನೋಡಿದ ಮೇಲೆ ನನಗೇ ಅನುಮಾನ ಬರ್ತಿದೆ.”

“ಹಾಗಾದ್ರೆ ಬೇಡ ಅನ್ನಿ. ಎಂದಿನ ಹಾಗೆ ಬೈದುಬಿಡಿ. ನಾವು ಹೋಗ್ತೀವಿ.”

“ಹೆಣದ ಮುಂದೆ ನಿಂತು ಬೇಡ ಅನ್ನಲಾ? ಊರು ನನ್ನ ಮುಖಕ್ಕೆ ಉಗಿಯುತ್ತೆ.”

“ಉಗೀದ ಹಾಗೆ ನಾವು ನೋಡ್ಕೋತೀವಿ” ಎಂದು ಕ್ಷೌರಿಕ ಪೆಟ್ಟಿಗೆಯ ಕೆಳಗಿಂದಲೇ ಅಭಯ ಕೊಟ್ಟ.

ಧಣಿಗೆ ಸಿಟ್ಟು ಬಂತು. ನಿಮಗೆ ಟಿಕ್ಕಪ್ಪ ಒಬ್ಬರೇ ಕಾಣುತ್ತಾರೆ, ನನಗೆ ಅವರ ಹಿಂದೆ ಬರುವ ನೂರು ಜನ ಕಾಣುತ್ತಾರೆ ಎಂದರು. ಹೋದ ಬೇಸಿಗೆಯಲ್ಲಿ ಯಾರೋ ದಂಡೆಯಲ್ಲಿ ಬಾಟಲಿ ಒಡೆದು ಹೋಗಿದ್ದರು, ಕರುವಿನ ಗೊರಸು ಸೀಳಿತ್ತು, ಕರು ಉಳಿಯಲಿಲ್ಲ. ಬೇಲಿ ಹಾಕಿದ್ದು ಹಮ್ಮಿಗಲ್ಲ. ಮಗಳಿಗೆ ಕರುವಿನ ಪರವಾಗಿ ಮನಸ್ಸು ಒಂದು ಗಳಿಗೆ ವಾಲಿತು. ಆದರೆ ಅಪ್ಪ ಇನ್ನೂ ಗೇಟಿನ ಹೊರಗೆ ಬಿಸಿಲಲ್ಲಿದ್ದರು.

“ನಿಮ್ಮಪ್ಪ ನಮ್ಮನೇಲಿ ಒಂದು ಲೋಟ ನೀರು ಕುಡೀಲಿಲ್ಲ, ಗೊತ್ತಾ?” ಎಂದರು ಧಣಿ, ಇದ್ದಕ್ಕಿದ್ದಂತೆ ದನಿ ಇಳಿಸಿ.

*

ಅದು ಆರೇಳು ವರ್ಷದ ಹಿಂದಿನ ಮಾತು. ದಂಡೆಯಲ್ಲಿ ಜಾರಿ ಬಿದ್ದು ಟಿಕ್ಕಪ್ಪ ಪಾದ ಉಳುಕಿಸಿಕೊಂಡಿದ್ದರು. ಧಣಿಯೇ ನೀರು ಹಿಡಿದು ಓಡಿಬಂದರು. ಟಿಕ್ಕಪ್ಪ ನೀರನ್ನು ನೋಡಿದರು, ತುಟಿ ಸವರಿಕೊಂಡರು, ಬೇಡವೆಂದು ತಲೆಯಾಡಿಸಿದರು. “ಕುಡಿದ್ರೆ ನಿಮ್ಮ ನೆಂಟ ಆಗ್ಬಿಡ್ತೀನಿ ಸ್ವಾಮಿ. ನೆಂಟನಿಗೆ ಹಕ್ಕಿರಲ್ಲ.” ಕುಂಟುತ್ತಲೇ ಮನೆಗೆ ಹೋದರು.

ಆ ಸಂಜೆ ಧಣಿ ವಾಚು ರಿಪೇರಿ ಅಂಗಡಿಗೆ ಬಂದರು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಟಿಕ್ಕಪ್ಪ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿ, ಏನೂ ಆಗಿಲ್ಲವಲ್ಲ ಎಂದರು. ಗೊತ್ತು ಎಂದರು ಧಣಿ. ಎದುರಿನ ಹೋಟೆಲಿನಿಂದ ಎರಡು ಚಹಾ ಬಂತು. ಧಣಿ ಕುಡಿದರು. ಅಂಗಡಿಯ ನೆಲದ ಮೇಲೆ ಯಾವ ತಕರಾರೂ ಇರಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ, ನಡಿ, ನಡಿ.

*

ಇದನ್ನೆಲ್ಲ ಮಗಳು ಇವತ್ತೇ ಕೇಳಿದ್ದು. ಎದುರು ನಿಂತಿರುವವರು ಅಪ್ಪನ ಗೆಳೆಯರೋ ವೈರಿಯೋ ಅವಳಿಗೆ ತಿಳಿಯಲಿಲ್ಲ. ಈ ಹಲಗೆಗೆ ತಲೆಬಾಗಿದರೆ ಅಪ್ಪ ಕುಡಿಯದೆ ಬಿಟ್ಟ ನೀರನ್ನು ತಾನು ಕುಡಿದಂತೆ ಎಂಬುದೊಂದು ಮಾತ್ರ ತಿಳಿಯಿತು.

ಅಷ್ಟರಲ್ಲಿ ಪೆಟ್ಟಿಗೆಯ ಮುಂದಿನ ಬಲಮೂಲೆ ತಟಕ್ಕನೆ ವಾಲಿತು. ಅಲ್ಲಿ ಹೊತ್ತಿದ್ದ ಮೆಕ್ಯಾನಿಕ್ಕನ ಸೊಂಟ ಹಿಡಿದುಕೊಂಡಿತ್ತು. ಅತ್ತ ಎಲ್ಲರಿಗಿಂತ ಹತ್ತಿರವಿದ್ದವರು ಧಣಿ. ಟೋಪಿ ನೆಲಕ್ಕೆ ಬಿತ್ತು. ಅವರು ಎರಡೇ ಹೆಜ್ಜೆಗೆ ಗೇಟಿನಿಂದ ರಸ್ತೆಗೆ ಬಂದು ಪೆಟ್ಟಿಗೆಗೆ ಭುಜ ಕೊಟ್ಟುಬಿಟ್ಟಿದ್ದರು. ಆಮೇಲೆ ತಾನೇನು ಮಾಡಿದೆ ಎಂದು ಅವರಿಗೇ ಅರ್ಥವಾದಂತೆ ಕಾಣಲಿಲ್ಲ. ಬಿಟ್ಟು ಸರಿಯುವಂತಿಲ್ಲ. ಹೊಲದ ಒಡೆಯ ರಸ್ತೆಯಲ್ಲಿ, ತನ್ನದೇ ಗೇಟಿನ ಎದುರು, ಒಳಗೆ ಹೋಗಲೋ ಬೇಡವೋ ಎಂದು ನಿಂತಿದ್ದರು.

ಮಗಳ ಬಾಯಿಂದ ಬಸ್ಸಿನಲ್ಲಿ ದಿನಕ್ಕೆ ನೂರು ಸಲ ಬರುವ ಮಾತೇ ಬಂತು.

“ಬಾಗಿಲಲ್ಲಿ ನಿಲ್ಲಬೇಡಿ. ಒಳಗೆ ನಡೀರಿ.”

ಧಣಿ ನಡೆದರು. ಅವರು ನಡೆದದ್ದಕ್ಕೆ ಉಳಿದ ಮೂವರೂ ನಡೆದರು.

ವಕೀಲರು ಪುಸ್ತಕ ತೆಗೆದು, ಅನುಮತಿ ಪಡೆದು ಎಂದು ಬರೆದು ಹೊಡೆದುಹಾಕಿದರು. ಅನುಮತಿ ಇಲ್ಲದೆ ಎಂದು ಬರೆದು ಅದನ್ನೂ ಹೊಡೆದುಹಾಕಿದರು. ಯಾರು ಯಾರನ್ನು ಒಳಗೆ ಬಿಟ್ಟರು ಎಂದು ಪಕ್ಕದವರನ್ನು ಕೇಳಿದರು. ಅವರಿಗೂ ಗೊತ್ತಿರಲಿಲ್ಲ.

ಗೇಟಿನೊಳಗೆ ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಅದರ ನಡುವೆ ನದಿಯವರೆಗೆ ಒಂದು ಬೋಳು ಗೆರೆ. ಒಬ್ಬನೇ ಮನುಷ್ಯ, ಒಂದು ಕಾಲಿನ ಮುಂದೆ ಇನ್ನೊಂದು ಇಟ್ಟು ಸವೆಸಿದಷ್ಟೇ ಅಗಲ. ನಾಲ್ವರಿಗೆ ಅದು ಸಾಲಲಿಲ್ಲ. ಎಡದ ಇಬ್ಬರು ಎಡಕ್ಕೆ, ಬಲದ ಇಬ್ಬರು ಬಲಕ್ಕೆ ಸರಿದು, ಮುಳ್ಳು ತರಚಿಕೊಳ್ಳುತ್ತ ಹುಲ್ಲೊಳಗೆ ನಡೆದರು. ಹಿಂದಿನವರೂ, ಮಗಳೂ, ಯಾರೂ ಹೇಳದೆಯೇ ಎರಡು ಪಾಲಾಗಿ ಅಕ್ಕಪಕ್ಕದಲ್ಲಿ ಹೊರಟರು. ಬೋಳು ಗೆರೆಯ ನೇರಕ್ಕೆ, ಮಾರುದ್ದ ಮೇಲೆ, ಟಿಕ್ಕಪ್ಪ ಒಬ್ಬರೇ ಹೋಗುತ್ತಿದ್ದರು.