ತಡವಾದ ಉತ್ತರಕ್ಕೂ ಒಂದು ಜಾಗ

ನಮ್ಮದು ಸಾಸಿವೆ ಕಾಳಿನಷ್ಟು ಚಿಕ್ಕ ಬಸವನಹುಳುಗಳನ್ನು ಅಧ್ಯಯನ ಮಾಡುವವರ ಬಳಗ. ಜಗತ್ತಿನಲ್ಲಿರುವ ಅಷ್ಟೂ ಮಂದಿ ಸೇರಿದರೂ ಒಂದು ಬಸ್ಸು ತುಂಬುವುದಿಲ್ಲ. ಎಷ್ಟೋ ವರ್ಷಗಳಿಂದ ಒಂದು ಕಾಲೇಜು ನಡೆಸುತ್ತಿದ್ದ ಇ-ಮೇಲ್ ಗುಂಪಿನಲ್ಲಿ ಮಾತಾಡಿಕೊಂಡಿದ್ದೆವು. ಅದನ್ನು ಮುಚ್ಚುತ್ತೇವೆಂದು ಕಾಲೇಜು ತಿಳಿಸಿದಾಗ, ಹೊಸ ಜಾಗ ಹುಡುಕುವ ಕೆಲಸವನ್ನು ನಾನು ಕುಣಿದುಕೊಂಡು ಒಪ್ಪಿಕೊಂಡೆ.

ಅಳುಕು ಇದ್ದದ್ದು ಒಂದೇ, ಚಿಪ್ಪಜ್ಜಿಯದು. ಅವರು ನಿವೃತ್ತ ಪ್ರಾಧ್ಯಾಪಕಿ. ಚಿಪ್ಪುಗಳ ವಿಷಯದಲ್ಲಿ ಅವರದೇ ಕೊನೆಯ ಮಾತಾದ್ದರಿಂದ ಬೆನ್ನ ಹಿಂದೆ ನಾವಿಟ್ಟ ಹೆಸರು ಅದು. "ಹೊಸ ಜಾಗಕ್ಕೆ ನಾನು ಬರುವುದಿಲ್ಲ, ನೀವೆಲ್ಲ ಚೆನ್ನಾಗಿರಿ" ಎಂದು ಆಗಲೇ ಬರೆದುಬಿಟ್ಟಿದ್ದರು. ಅವರಿಲ್ಲದೆ ನಮ್ಮ ಬಳಗ ಬರೀ ಊಹೆಗಳ ಸಂತೆಯಾಗುತ್ತಿತ್ತು.

ನನ್ನ ತಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾನೆ. ನಾನು ಕೆಲಸ ಮಾಡುವ ಮ್ಯೂಸಿಯಂನ ಹಿಂದಿನ ಕೋಣೆಯಲ್ಲಿ, ಗಾಜಿನ ಕೊಳವೆಗಳ ಡ್ರಾಯರುಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಚಾಟ್ ಗುಂಪು, ಫೋರಂ ಎಂದು ಹಲವು ಬಗೆಯ ಜಾಗಗಳನ್ನು ಪ್ರಯೋಗಕ್ಕೆ ತೆರೆದುಕೊಟ್ಟ. ಆರಿಸುವುದು ಹೇಗೆ? ಚಿಪ್ಪನ್ನು ಗುರುತಿಸಲು ನಾವು ಕವಲೊಡೆಯುವ ಪ್ರಶ್ನೆಗಳ 'ಕೀಲಿ' ಬಳಸುತ್ತೇವೆ: ಚಿಪ್ಪಿನ ಬಾಯಿ ಬಲಕ್ಕಿದ್ದರೆ ಈ ಪ್ರಶ್ನೆಗೆ ಹೋಗಿ, ಎಡಕ್ಕಿದ್ದರೆ ಆ ಪ್ರಶ್ನೆಗೆ. ಅದೇ ಕ್ರಮದಲ್ಲಿ ಒಂದು ಕೀಲಿ ಬರೆದು ಎಲ್ಲರಿಗೂ ಕಳಿಸಿದೆ. ಬಳಗಕ್ಕೆ ಹಬ್ಬವೋ ಹಬ್ಬ! ಚಿತ್ರದ ಗಾತ್ರ ಕುಗ್ಗುತ್ತದೆಯೇ, ಹಳೆಯದನ್ನು ಹುಡುಕಬಹುದೇ ಎಂದು ಒಬ್ಬೊಬ್ಬರೂ ಒಂದೊಂದು ಕವಲು ಸೇರಿಸಿದರು.

ಕೊನೆಗೆ ಕೀಲಿ ಹಿಡಿದು ನಡೆದರೆ, ಅದು ನಮ್ಮನ್ನು ತಂದು ನಿಲ್ಲಿಸಿದ್ದು ಮುಚ್ಚಿಹೋಗಲಿದ್ದ ಇ-ಮೇಲ್ ಗುಂಪಿನ ಮುಂದೆಯೇ.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ನೀವೆಲ್ಲ ನಿಮಗೆ ಅಭ್ಯಾಸ ಇರೋದನ್ನೇ ವರ್ಣಿಸಿದ್ದೀರ! ಕಳೆದುಹೋದ ಚಪ್ಪಲಿ ಗುರುತು ಹೇಳಿ ಹೊಸ ಚಪ್ಪಲಿ ಕೇಳಿದ ಹಾಗಾಯ್ತು."

"ನಗಬೇಡ. ಈಗೇನು ಮಾಡೋದು ಹೇಳು."

"ಬಳಸಿ ನೋಡು. ಹುಳ ಮುಟ್ಟದೆ ಹುಳದ ಬಗ್ಗೆ ಬರೀತೀಯಾ?"

ಮಾತು ನಾಟಿತು. ಮೊದಲು ಚಾಟ್ ಗುಂಪಿಗೆ ಒಂದು ಚಿಪ್ಪಿನ ಚಿತ್ರ ಹಾಕಿದೆ. ಟೀ ಆರುವ ಮೊದಲೇ ಉತ್ತರಗಳು ಸುರಿದವು, ಎಲ್ಲರದೂ ಒಂದೇ ಹೆಸರು, ಮೇಲೆ ಹೆಬ್ಬೆರಳುಗಳ ಸಾಲು. ಉಬ್ಬಿಹೋಗಿ ಚಿಪ್ಪಜ್ಜಿಗೆ ಫೋನ್ ಮಾಡಿದೆ.

"ಬಾಯೊಳಗೆ ಹಲ್ಲೆಷ್ಟಿದೆ ಅಂತ ಯಾರಾದ್ರೂ ನೋಡಿದ್ರೇನಮ್ಮಾ?" ಚಿಪ್ಪಿನ ಬಾಯೊಳಗಿನ ಸಣ್ಣ ಉಬ್ಬುಗಳಿಗೆ ನಾವು ಹಲ್ಲು ಎನ್ನುತ್ತೇವೆ; ಜಾತಿ ಖಚಿತವಾಗುವುದು ಅವುಗಳಿಂದಲೇ.

"ಇಲ್ಲ ಮೇಡಂ. ಚಿತ್ರದಲ್ಲಿ ಬಾಯಿಗೆ ಮಣ್ಣು ಮೆತ್ತಿದೆ."

"ಮತ್ತೆ? ಆ ಚಿಪ್ಪು ನನಗೆ ಕಳಿಸಬೇಕು, ನೆನೆಸಬೇಕು, ಮಣ್ಣು ಬಿಡಿಸಬೇಕು. ಅಷ್ಟರಲ್ಲಿ ನಿಮ್ಮ ಹರಟೆ ಎಲ್ಲಿಗೋ ಹೋಗಿರುತ್ತೆ. ಎಲ್ಲರೂ ಎದ್ದು ಹೋದಮೇಲೆ ಖಾಲಿ ಕುರ್ಚಿಗಳಿಗೆ ಪಾಠ ಮಾಡಲಾ?"

ಫೋನ್ ಇಟ್ಟೆ. ಅವರಿಗೆ ಹೊಸ ಯಂತ್ರದ ಭಯವಿದೆ ಎಂದುಕೊಂಡಿದ್ದೆನಲ್ಲ! ಅವರ ಚಿಂತೆ ತಂತ್ರಜ್ಞಾನದ್ದಲ್ಲ, ಸಮಯದ್ದು. ಅದನ್ನು ಕೀಲಿಯಲ್ಲಿ ನಮ್ಮಲ್ಲೊಬ್ಬರೂ ಕೇಳಿರಲಿಲ್ಲ.

"ತಡವಾಗಿ ಉತ್ತರಿಸಿದರೂ ಎಲ್ಲರಿಗೂ ಕಾಣೋ ಜಾಗ ಇದೆಯೇನೋ?" ಎಂದು ಪಕ್ಕದಲ್ಲೇ ಇದ್ದ ತಮ್ಮನ ತೋಳು ಹಿಡಿದು ಅಲುಗಾಡಿಸಿದೆ.

"ಇದೆಯಲ್ಲ, ಈ ಫೋರಂ. ಇಲ್ಲಿ ಒಂದೊಂದು ಪ್ರಶ್ನೆಗೂ ಅದರದೇ ಪುಟ. ಎಷ್ಟೇ ಹಳೇದಾಗಿರಲಿ, ಉತ್ತರ ಬಿದ್ದ ಕೂಡ್ಲೇ ಪಟ್ಟಿಯ ತಲೆಗೆ ಬರುತ್ತೆ. ಕೇಳಿದವರಿಗೆ ಇ-ಮೇಲೂ ಹೋಗುತ್ತೆ. ಮೊದಲೇ ಹೇಳೋಣ ಅಂದ್ರೆ ನೀವು ಕವಲು ಬಿಡಿಸೋದ್ರಲ್ಲಿದ್ರಿ."

ಅವನ ತಲೆಗೊಂದು ಮೊಟಕಿದೆ. ಬಳಗ ಒಪ್ಪಿತು. ಹಳೆಯ ಇ-ಮೇಲುಗಳನ್ನೆಲ್ಲ ಫೋರಂಗೆ ತುಂಬಿಸಿ, ಚಿಪ್ಪಜ್ಜಿಗೆ ವಿವರವಾಗಿ ಬರೆದೆ. ಮರುಮಾತು ಬರಲಿಲ್ಲ.

ಫೋರಂ ತೆರೆದ ಬೆಳಿಗ್ಗೆ ನಾನೂ ತಮ್ಮನೂ ಪರದೆಗೆ ಮೂಗು ತಾಗಿಸಿಕೊಂಡು ಕೂತಿದ್ದೆವು. ಸ್ವಾಗತದ ಸಾಲುಗಳು ಬರುತ್ತಿದ್ದವು. ಇದ್ದಕ್ಕಿದ್ದಂತೆ ಅವನ್ನೆಲ್ಲ ಕೆಳಕ್ಕೆ ತಳ್ಳಿ, ನಾನಿನ್ನೂ ವಿದ್ಯಾರ್ಥಿನಿಯಾಗಿದ್ದ ಕಾಲದ ಒಂದು ಪ್ರಶ್ನೆ ತಲೆಯೆತ್ತಿತು. ಗುಹೆಯೊಂದರ ಗೋಡೆಯ ಹುಳುವಿನ ಬಗ್ಗೆ ಯಾರೋ ಕೇಳಿ, ಉತ್ತರ ಸಿಗದೆ ಬಿಟ್ಟಿದ್ದು. ಅದರ ಕೆಳಗೆ ಚಿಪ್ಪಜ್ಜಿಯ ಹೆಸರು!

"ಆಗ ಗೊತ್ತಿರಲಿಲ್ಲ. ಈಗ ಅದೇ ಗುಹೆಯ ಇನ್ನೊಂದು ಚಿಪ್ಪಿನ ಹಲ್ಲುಗಳನ್ನು ನೋಡಿದ್ದೇನೆ, ಚಿತ್ರ ಲಗತ್ತಿಸಿದ್ದೇನೆ. ಇದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ. ಕೇಳಿದವರು ಇದ್ದೀರಾ?"

"ಅಕ್ಕಾ, ಕಿರುಚಬೇಡ, ಕಾವಲುಗಾರ ಓಡಿ ಬರ್ತಾನೆ" ಎಂದ ತಮ್ಮನೇ ಮೇಜು ಗುದ್ದುತ್ತಿದ್ದ.

ಪುಟ ಮತ್ತೊಮ್ಮೆ ಮಿಸುಕಿತು. ಇಷ್ಟು ವರ್ಷ ಸದ್ದಿಲ್ಲದಿದ್ದ ಯಾರದೋ ಒಂದೇ ಸಾಲು: "ಇದ್ದೀನಿ ಮೇಡಂ! ಆ ಚಿಪ್ಪೂ ನನ್ನ ಹತ್ತಿರಾನೇ ಇದೆ!"